ಸಕ್ಕರಿ ಚಿಪ್ಪಿನ ಚಾಕಲೇಟು

ಸಿಂದಗಿ
18 ನವೆಂಬರ್ 2024

ಅತ್ತ್ಯಾರಿಗೆ ಭಾಗ್ಯಜ್ಯೋತಿಯ ನಮಸ್ಕಾರ.

ಗೊಳಸಂಗಿ ಬಿಟ್ಟು ಬಂದ ಮ್ಯಾಲ ನಿಮಗ ಬರಿಯಾಕತ್ತಿದ್ದು ಇದ ಮೊದಲು. ಫೋನ್ ಮಾಡಿದ್ರ ನಿಮಗ ಸರಿ ಕೇಳಸಂಗಿಲ್ಲ. ಮಾವಾರು ಎತ್ತಿದ್ರ ನನ್ನ ದನಿ ಕೇಳಿದ ಕೂಡಲೇ ಇಟ್ಟಬಿಡ್ತಾರ. ಅದಕ್ಕ ಪತ್ರ.

ನಿಮ್ಮ ಮಗ ತೀರಿಕೊಂಡ ಮ್ಯಾಲ ನಾ ಕೂಸಿನ ಕಟಕೊಂಡು ಊರು ಬಿಟ್ಟದ್ದು ನಿಮ್ಮಿಬ್ಬರಿಗೂ ಸಿಟ್ಟು ತರಿಸೇತಿ. ಅದರ ಮಾತು ಇವತ್ತ ಬರಿಯಂಗಿಲ್ಲ. ಪ್ರಿಯಾ ಆರಾಮ ಅದಾಳ. ಎರಡನೇತ್ತಾ ಓದಾಕತ್ತಾಳ. ಮುಂದಿನ ಎರಡು ಹಲ್ಲು ಬಿದ್ದಾವ, ನಗುವಾಗ ಕೈ ಅಡ್ಡ ಹಿಡಿತಾಳ.

ನಾನು ಇಲ್ಲಿ ಚೇತನಕುಮಾರ ಅನ್ನೋರ ಬೇಕರಿಯೊಳಗ ಕೆಲಸಕ್ಕ ಅದೇನಿ. ಅದರ ಜೋಡಿ ಮನ್ಯಾಗ ಚಾಕಲೇಟ್ ಮಾಡಿ ಅವರ ಅಂಗಡಿಗೇ ಕೊಡ್ತೇನಿ. ಮಂದಿ ರುಚಿ ಐತಿ ಅಂತಾರ, ಆದ್ರ ಮಧ್ಯಾಹ್ನ ಆತಂದ್ರ ಕರಗಿ ಕಾಗದಕ್ಕ ಹತ್ತಿಬಿಡ್ತಾವ. ಬ್ಯಾಸಗಿ ಬಂದ್ರ ಈ ಧಂದೆ ನಿಂತಂಗ. ಕಂಪನಿಯವ್ರು ಮಾಡಿರ್ತಾರಲ್ಲ, ಮ್ಯಾಲ ಗಟ್ಟಿ ಬಣ್ಣದ ಸಕ್ಕರಿ ಚಿಪ್ಪು, ಒಳಗ ಚಾಕಲೇಟು, ಹಂಗ ಮಾಡಬೇಕಂತ ನೋಡಾಕತ್ತೇನಿ. ಪ್ರಿಯಾ ಅಂಥಾದೊಂದು ಕಡದು ಒಳಗ ಇಣಿಕಿ ನೋಡಿ, "ಅವ್ವಾ, ಇದು ಆಯಿ ಮಾಡೋ ಕುಸರೆಳ್ಳಿನಂಗನ ಐತಿ" ಅಂದ್ಲು.

ಅಕಿ ಅಂದದ್ದು ಖರೇನ ಅನಿಸ್ತು. ನೀವು ಸಂಕ್ರಾಂತಿಗೆ ಕುಸರೆಳ್ಳು ಮಾಡುವಾಗ ಪರಾತದ ಹತ್ರ ಯಾರನ್ನೂ ಬಿಡ್ತಿರಲಿಲ್ಲ. ನಾನೂ ದೂರ ನಿಂತ ನೋಡಿದಾಕಿ. ಒಂದು ಎಳ್ಳಿನ ಮ್ಯಾಲ ಅಷ್ಟು ಸಕ್ಕರಿ ಹೆಂಗ ಕೂಡಸ್ತೀರಿ, ಮನಸಿದ್ರ ಬರದು ಕಳಸ್ರಿ.

ನಿಮ್ಮ
ಭಾಗ್ಯಜ್ಯೋತಿ


ಗೊಳಸಂಗಿ
2 ಡಿಸೆಂಬರ್ 2024

ಭಾಗ್ಯಜ್ಯೋತಿಗೆ,

ಪತ್ರ ಮುಟ್ಟೇತಿ. ನೀ ಸಕ್ಕರಿ ಕೇಳಿದಿ, ಸಕ್ಕರಿ ಹೇಳ್ತೇನಿ.

ಎಳ್ಳು ತೊಳದು ಒಣಗಿಸಿ ಹುರಕೋ. ಸಕ್ಕರಿ ಮುಣಗೂವಷ್ಟು ನೀರು ಹಾಕಿ ಕಾಸು, ಅದಕ್ಕೊಂದು ಚಮಚಾ ಹಾಲು ಬಿಡು. ಹೊಲಸು ಮ್ಯಾಲ ಬರ್ತೈತಿ, ತಗದು ಚಲ್ಲು. ಪಾಕ ಎಳಿ ಬಂದ್ರ ಸಾಕು. ಎಳ್ಳು ಪರಾತದಾಗ ಹಾಕಿ ಶೇಗಡಿ ಮ್ಯಾಲ ಇಡು, ಕೆಂಡದ ಮ್ಯಾಲ ಬೂದಿ ಮುಚ್ಚಿರಬೇಕು. ಪಾಕ ಹನಿ ಹನಿ ಬಿಟ್ಕೋತ ಬೆರಳಿಲೆ ಆಡಸ್ಕೋತ ಇರು. ಒಣಗಿದ ಮ್ಯಾಲ ಮತ್ತ ಹನಿ. ಗಡಿಬಿಡಿ ಮಾಡಿದ್ರ ಎಳ್ಳಿಗೆ ಎಳ್ಳು ಹತ್ತಿ ಉಂಡಿ ಆಗ್ತೈತಿ. ಪಾಕ ಗಟ್ಟಿ ಇದ್ರ ಮುಳ್ಳು ಏಳ್ತಾವ, ತೆಳ್ಳಗಿದ್ರ ನುಣ್ಣಗಾಗ್ತಾವ. ನಿನಗ ನುಣ್ಣಂದು ಬೇಕು ಅಂತ ತಿಳಕೊಂಡೇನಿ.

ಹತ್ರ ಬಿಡ್ತಿರಲಿಲ್ಲ ಅಂತ ಬರದಿ. ಕೈ ಸುಡ್ತಾವ, ಅದಕ್ಕ ಬಿಡ್ತಿರಲಿಲ್ಲ. ಬ್ಯಾರೆ ಏನಿಲ್ಲ.

ಹಲ್ಲು ಬಿದ್ದದ್ದು ಮ್ಯಾಲಿನವೋ ಕೆಳಗಿನವೋ ಬರದಿಲ್ಲ.

ಸಿದ್ದಲಿಂಗವ್ವ


ಸಿಂದಗಿ
15 ಡಿಸೆಂಬರ್ 2024

ಅತ್ತ್ಯಾರ,

ಮ್ಯಾಲಿನ ಹಲ್ಲು. ಹೊಸಾವು ಇಣಕಾಕತ್ತಾವ.

ನೀವು ಹೇಳಿದಂಗ ಮಾಡಿದೆ. ಚಾಕಲೇಟನ್ನ ಹುಣಚೀಬೀಜದಷ್ಟು ಗುಂಡಗ ಮಾಡ್ಕೊಂಡು ಪರಾತದಾಗ ಹಾಕಿ, ಬೂದಿ ಮುಚ್ಚಿದ ಕೆಂಡದ ಮ್ಯಾಲ ಇಟ್ಟೆ. ಮೊದಲನೇ ಹನಿ ಬೀಳೂದರಾಗ ಎಲ್ಲಾ ಕರಗಿ ರಾಡಿ ಆತು. ಪ್ರಿಯಾಗ ಹಬ್ಬ. ಪರಾತ ತೊಳಿಯೋ ಕೆಲಸ ಉಳೀಲಿಲ್ಲ.

ಆಮ್ಯಾಲ ನಮ್ಮ ಮನಿ ಮಾಲಕರು ಜೈತುನಬಿ ಅಂತ ಅದಾರ, ಅವರ ಫ್ರಿಜ್ಜಿನ್ಯಾಗ ಇಟ್ಟು ಗಟ್ಟಿ ಮಾಡಿ ತಗದೆ. ಈ ಸಲ ಬೆಂಕಿ ಹಚ್ಚಲಿಲ್ಲ. ಹೊರಗ ತಗದ ಕೂಡಲೇ ಅವು ಬೆವರಾಕ ಹತ್ತಿದ್ವು. ಮ್ಯಾಲ ಹಾಕಿದ ಪಾಕ ಒಣಗವಲ್ದು, ಅಂಟಂಟ. ಹೊರಗಿಟ್ರ ಕರಗ್ತಾವ, ಒಳಗಿಟ್ರ ಬೆವರ್ತಾವ. "ಇವಕ್ಕ ಲಗ್ನದ ಹೆಣ್ಣಿನಂಗ ಎಲ್ಲೀನೂ ಸಮಾಧಾನ ಇಲ್ಲ ನೋಡವಾ" ಅಂತ ಜೈತುನಬಿ ನಕ್ರು.

ಒಂದು ಡಬ್ಬಿ ಚಾಕಲೇಟು ಬಾಗೇವಾಡಿ ಬಸ್ಸಿಗೆ ಕೊಟ್ಟು ಕಳಸೇನಿ. ಚಿಪ್ಪು ಇಲ್ದವು. ನೀವೂ ಒಂದು ಸಲ ಕೈಯಾಗ ಹಿಡದು ನೋಡ್ರಿ. ಕೆಳಗ ಪ್ರಿಯಾ ಬರದಾಳ.

ಭಾಗ್ಯಜ್ಯೋತಿ

ಆಯಿ ನಾನು ಪ್ರಿಯದರ್ಶಿನಿ. ಮುತ್ಯಾಗ ಹೇಳು ನನಗ ಸೈಕಲ್ ಬರತೈತಿ.


ಗೊಳಸಂಗಿ
24 ಡಿಸೆಂಬರ್ 2024

ಜ್ಯೋತಿ,

ಡಬ್ಬಿ ಬಂತು. ಬಸ್ಸಿನ್ಯಾಗ ಎಲ್ಲಾ ಕೂಡಿ ಒಂದ ಮುದ್ದಿ ಆಗಿತ್ತು. ನಿಮ್ಮ ಮಾವ ಚಮಚಾ ತಗೊಂಡು ಕುಂತ ತಿಂದ್ರು. ಯಾರು ಕಳಿಸ್ಯಾರ ಅಂತ ಕೇಳಲಿಲ್ಲ. ಸೈಕಲ್ಲಿನ ಸಾಲು ತೋರಿಸಿದೆ. ಚಸ್ಮಾ ಹಾಕ್ಕೊಂಡು ಬಾಳೊತ್ತು ಓದಿದ್ರು. ಇದ್ದದ್ದು ಒಂದ ಸಾಲು.

ಉಳದ ಮುದ್ದಿ ನಾನು ಗುಂಡಗ ಮಾಡಿ ನೋಡಿದೆ. ನಾ ಹೇಳಿದ್ದು ನಿನ್ನ ಕೆಲಸಕ್ಕ ಹೊಂದೂದಲ್ಲ. ಎಳ್ಳು ಬೆಂಕಿ ತಡಕೋತೈತಿ, ಇದು ತಡಕೊಳ್ಳೂದಿಲ್ಲ. ಹಂಗಾದ್ರ ಬೆಂಕಿ ಕೆಲಸ ಗಾಳಿ ಕಡಿಂದ ಮಾಡಿಸಬೇಕು. ಬಾಣಂತಿ ಉಂಡಿಗೆ ಹಾಕೋ ಅಂಟು ಐತಲ್ಲ, ಅದನ್ನ ನೀರಾಗ ನೆನಸಿ ಸೋಸಿ, ಮೊದಲು ಅದನ್ನ ಸವರಿದೆ. ಮ್ಯಾಲ ಸಕ್ಕರಿ ಹಿಟ್ಟು ಉದುರಿಸಿ ಹೊಳ್ಳಾಡಿಸಿ ಬಿಟ್ಟೆ. ಒಣಗಿ ಅಂಗಿ ತೊಟ್ಟಂಗ ಆತು. ಅದರ ಮ್ಯಾಲ ಪೂರಾ ಆರಿದ ತೆಳ್ಳನ ಪಾಕ. ಬೆಳಗಿನ ಥಂಡ್ಯಾಗ, ಪಡಸಾಲಿ ಗಾಳಿಗೆ ಇಟ್ಟೆ. ಫ್ರಿಜ್ಜಿನ ಸನೇಕ ಹೋಗಬ್ಯಾಡ.

ಮೂರು ಸುತ್ತು ಹಾಕೂದರಾಗ ಚಾಕಲೇಟು ಮುಗದು ಹೋತು. ನಿಮ್ಮ ಮಾವ ಬಾಜೂಕ ಕುಂತು ತಿಂದಬಿಟ್ರು. ಇನ್ನಷ್ಟು ಕಳಸು.

ಸಿದ್ದಲಿಂಗವ್ವ


ಸಿಂದಗಿ
17 ಜನವರಿ 2025

ಅತ್ತ್ಯಾರ,

ಆತು ನೋಡ್ರಿ. ಈ ಪತ್ರದ ಜೋಡಿ ಬಂದ ಡಬ್ಬಿ ತಗದು ನೋಡ್ರಿ. ಕೆಂಪಂದು ಗಜ್ಜರಿ ಜೋಡಿ ಬೀಟ್‌ರೂಟ್ ರಸ, ಹಳದಿದು ಅರಿಷಿಣ. ಹಲ್ಲಿಲೆ ಒಡದ್ರ ಟಕ್ ಅಂತಾವ.

ಅಂಟಿನ ಅಂಗಿ ತೊಡಿಸಿದ್ದಕ್ಕ ಎಲ್ಲಾ ಹಾದಿಗೆ ಬಂತು. ಆದ್ರೂ ನಡುವ ಒಂದು ತ್ರಾಸ ಆತು. ಚಿಪ್ಪು ದಪ್ಪ ಆಗೂತನಕ ಚಲೋ ಇರ್ತಿದ್ವು, ಮಧ್ಯಾಹ್ನದ ಬಿಸಲಿಗೆ ಒಳಗಿನ ಚಾಕಲೇಟು ಉಬ್ಬಿ ಚಿಪ್ಪು ಸೀಳ್ತಿತ್ತು. ಚೇತನಕುಮಾರ ಅವರು ಬೇಕರಿಯಿಂದ ಟೇಬಲ್ ಫ್ಯಾನ್ ತಂದುಕೊಟ್ರು. ಒಂದ ದಿನದಾಗ ಮುಗಸಬ್ಯಾಡ್ರಿ, ಐದಾರು ಸುತ್ತು ಆದ ಮ್ಯಾಲ ಒಂದು ದಿನಾ ಬಿಟ್ಟು ನೋಡೂಣು ಅಂದ್ರು. ಹಂಗ ಮಾಡಿದ ಮ್ಯಾಲ ಸೀಳೂದು ನಿಂತು. ಕೂಲರ್ ಹಚ್ಚಿದ್ರ ಹೆಂಗ ಅಂದೆ, ಚೇತನಕುಮಾರ ಅವರು ಬ್ಯಾಡ, ಅದರ ಗಾಳಿ ಹಸಿ ಇರ್ತೈತಿ ಅಂದ್ರು. ಅದೂ ಖರೇನ ಇತ್ತು. ಪರಾತದಾಗ ಹೊಳ್ಳಾಡಿಸಿ ನನ್ನ ರಟ್ಟಿ ನೋಯ್ತಾವಂತ, ದುಂಡನ ತಳದ ಗಂಗಾಳ ಒಂದು ಸೋಲಾಪುರದಿಂದ ತರಿಸಿದ್ರು ಚೇತನಕುಮಾರ ಅವರು. ಸಾಲಿ ಬಿಟ್ಟ ಮ್ಯಾಲ ಪ್ರಿಯಾ ನಾ ಬರೂತನಕ ಬೇಕರಿಯೊಳಗ ಕುಂತು ಅಭ್ಯಾಸ ಮಾಡ್ತಾಳ. ಅವರಿಗೆ ಮಗ್ಗಿ ಹೇಳಸ್ತಾಳ, ತಪ್ಪಿದ್ರ ಬೈತಾಳ.

ಸಂಕ್ರಾಂತಿಗೆ ನಿಮ್ಮ ಕುಸರೆಳ್ಳು ಇಲ್ಲದ ಇದ ಮೊದಲನೇ ಹಬ್ಬ ಆತು. ಪ್ರಿಯಾ ಮಂದಿಗೆಲ್ಲಾ ಎಳ್ಳಿನ ಬದಲಿ ಚಾಕಲೇಟು ಹಂಚಿದ್ಲು.

ಭಾಗ್ಯಜ್ಯೋತಿ


ಗೊಳಸಂಗಿ
3 ಫೆಬ್ರವರಿ 2025

ಜ್ಯೋತಿ,

ಚಿಪ್ಪು ಚಲೋ ಆಗ್ಯಾವ. ಹಳದಿದರಾಗ ಅರಿಷಿಣದ ವಾಸನಿ ಬಡಿತೈತಿ, ಕಡಿಮಿ ಹಾಕು. ಓಣ್ಯಾಗ ಹಂಚಿದೆ. ನಮ್ಮ ಸೊಸಿ ಮಾಡ್ಯಾಳ ಅಂತ ಹೇಳಿದೆ.

ನಿನ್ನ ಪತ್ರ ಮತ್ತೊಮ್ಮೆ ಓದಿದೆ. ಅದರಾಗ ಸಕ್ಕರಿಗಿಂತ ಚೇತನಕುಮಾರ ಅನ್ನೋ ಹೆಸರು ಹೆಚ್ಚ ಬಂದೈತಿ. ನನಗ ಕಿವಿ ಮಂದ, ಕಣ್ಣು ಚಲೋ ಅದಾವ.

ಅಂವ ಯಾರ ಪೈಕಿ? ಮನ್ಯಾಗ ಯಾರ್‍ಯಾರು ಅದಾರ? ಮದಿವಿ ಆಗೇತೋ ಇಲ್ಲೋ?

ಸಿದ್ದಲಿಂಗವ್ವ


ಸಿಂದಗಿ
2 ಮಾರ್ಚ್ 2025

ಅತ್ತ್ಯಾರ,

ಇಷ್ಟು ದಿನಾ ಉತ್ತರ ಬರೀಲಿಲ್ಲ. ಬರದು ಬರದು ಹರದೆ.

ಅವರು ಇಲ್ಲಿಯವರ. ತಂದಿ ಲಗೂನ ತೀರಿದ್ರು. ಬೇಕರಿ ನಡಸ್ಕೋತ ತಂಗ್ಯಾರ ಮದಿವಿ ಮಾಡೂದರಾಗ ಇವರದು ಹಿಂದ ಉಳೀತು. ಮನ್ಯಾಗ ತಾಯಿ ಒಬ್ಬರ ಅದಾರ. ಹೋದ ತಿಂಗಳ ತಾಯೀನ ಕರಕೊಂಡು ನಮ್ಮ ಮನಿಗೆ ಬಂದಿದ್ರು. ಜೈತುನಬಿ ಎದುರಿಗೇ ಕೇಳಿದ್ರು. ಮುಚ್ಚುಮರಿ ಏನೂ ಇಲ್ಲ. ನಮ್ಮಲ್ಲಿ ಗಂಡ ತೀರಿದಾಕಿ ಉಡಿಕಿ ಆಗೋದು ಹೊಸಾದಲ್ಲ ಅಂತ ಅವರ ತಾಯಿ ಅಂದ್ರು.

ಹೊಟ್ಟಿಪಾಡಿಗೆ ಹೂಂ ಅನ್ನಾಕತ್ತಾಳ ಅಂತ ನೀವು ತಿಳಕೋಬ್ಯಾಡ್ರಿ. ಚಾಕಲೇಟಿನ್ಯಾಗ ನಾನು ನನ್ನ ಮಗಳು ಬದುಕ್ತೇವಿ, ಅಷ್ಟು ಆಗೇತಿ. ಇಂಡಿ, ಮುದ್ದೇಬಿಹಾಳದ ಅಂಗಡಿಯವ್ರೂ ಕೇಳಾಕತ್ತಾರ. ಅವರ ಜೋಡಿ ಕುಂತ್ರ ನನಗ ಮಾತು ಬರ್ತಾವ, ಅತ್ತ್ಯಾರ. ಬಾಳ ದಿನಾ ಬಂದಿರಲಿಲ್ಲ.

ಯಂಕಂಚ್ಯಾಗ ನನ್ನ ತವರು ಅಂತ ಈಗ ಯಾರೂ ಉಳದಿಲ್ಲ. ನನ್ನ ಕಡಿಂದ ಹೂಂ ಅನ್ನವ್ರು, ಬ್ಯಾಡ ಅನ್ನವ್ರು ನೀವಿಬ್ಬರ. ಅದಕ್ಕ ನಿಮ್ಮನ್ನ ಕೇಳೂತನಕ ಏನೂ ಹೇಳಂಗಿಲ್ಲ ಅಂತ ಅವರಿಗೆ ಹೇಳೇನಿ.

ಭಾಗ್ಯಜ್ಯೋತಿ


ಗೊಳಸಂಗಿ
11 ಮಾರ್ಚ್ 2025

ಭಾಗ್ಯಜ್ಯೋತಿಗೆ,

ನಿಮ್ಮ ಮಾವಗ ಓದಿ ಹೇಳಿದೆ. ಅವರು ಅಂದದ್ದು ಅಂದಂಗ ಬರಿತೇನಿ. "ಅಕಿ ವಯಸ್ಸಿನಾಕಿ, ಮದಿವಿ ಆಗಲಿ, ನಾ ಅಡ್ಡ ಬರಂಗಿಲ್ಲ. ಕೂಸು ನನ್ನ ಮಗಂದು. ಕೂಸು ಇಲ್ಲಿ ಬರಬೇಕು."

ನಾನೂ ಅದನ್ನ ಅಂತೇನಿ. ಇನ್ನೊಬ್ಬರ ಮನ್ಯಾಗ ನಮ್ಮ ಕೂಸು ಯಾಕ ಕುಂಡರಬೇಕು? ಇಲ್ಲಿ ಹೊಲ ಐತಿ, ಮನಿ ಐತಿ, ಸಾಲಿ ಐತಿ. ಸೂಟಿ ಬಿಟ್ಟ ಮ್ಯಾಲ ಅವರ ಬಂದು ಕರಕೊಂಡು ಬರ್ತಾರ.

ಸಿದ್ದಲಿಂಗವ್ವ


ಸಿಂದಗಿ
16 ಮಾರ್ಚ್ 2025

ಅತ್ತ್ಯಾರ,

ನಾ ಮದಿವಿ ಆಗಂಗಿಲ್ಲ. ಇವತ್ತ ಮುಂಜಾನೆ ಅವರಿಗೆ ಹಂಗಂತ ಹೇಳಿ ಬಂದೇನಿ. ಬೇಕರಿ ಕೆಲಸಾನೂ ಬಿಟ್ಟೇನಿ.

ಪ್ರಿಯಾನ ಕರಿಯಾಕ ಮಾವಾರು ಬರೂದು ಬ್ಯಾಡ. ಅಕಿ ನನ್ನ ಹತ್ರನ ಇರ್ತಾಳ. ನಿಮಗ ನೋಡಬೇಕು ಅನಿಸಿದ್ರ ನಾ ಕರಕೊಂಡು ಬರ್ತೇನಿ, ಸಂಜೀಕ ಕರಕೊಂಡು ಹೊಳ್ಳಿ ಹೋಗ್ತೇನಿ.

ಚಿಪ್ಪಿನ ಕೆಲಸ ನಡದೈತಿ.

ಭಾಗ್ಯಜ್ಯೋತಿ


ಗೊಳಸಂಗಿ
7 ಏಪ್ರಿಲ್ 2025

ಜ್ಯೋತಿ,

ಪ್ರಿಯಾ ಹೇಳಿರಬೇಕು, ನಾ ಸಿಂದಗಿಗೆ ಬಂದಿದ್ದೆ.

ನಿನ್ನ ಸಣ್ಣ ಪತ್ರ ಬಂದ ಮ್ಯಾಲ ನನಗ ಅನ್ನ ಸೇರಲಿಲ್ಲ. ನಿಮ್ಮ ಮಾವಗ ತಂಗಡಗಿ ಗುಡಿಗೆ ಹೋಗಿ ಬರ್ತೇನಿ ಅಂತ ಹೇಳಿ, ಬಾಗೇವಾಡಿಗೆ ಬಂದು, ಹಿಪ್ಪರಗಿ ಮ್ಯಾಲ ಹಾದು ಬಂದೆ. ಬಸ್‌ಸ್ಟ್ಯಾಂಡಿನ್ಯಾಗ ಕೇಳಿದೆ, ಬೇಕರಿ ತೋರಿಸಿದ್ರು. ಚೇತನಕುಮಾರಗ ನಾ ಯಾರಂತ ಗೊತ್ತಿಲ್ಲ. ಬಿಸಲಾಗ ಬಂದ ಮುದಕಿ ಅಂತ ಖುರ್ಚಿ ನೆರಳಿಗೆ ಹಾಕಿದ, ನೀರು ಕೊಟ್ಟ. ನನಗ ಕಿವಿ ಕೇಳಂಗಿಲ್ಲ ಅಂತ ತಿಳದ ಮ್ಯಾಲ ಒದರಲಿಲ್ಲ. ಬಾಜೂಕ ಬಂದು ಬಗ್ಗಿ ಮಾತಾಡಿದ. ಹಂಗ ಮಾತಾಡವ್ರು ಕಡಿಮಿ.

ಸಕ್ಕರಿ ಚಿಪ್ಪಿನ ಚಾಕಲೇಟು ಕೇಳಿದೆ. ಯಾರು ಮಾಡ್ತಾರ ಇದನ್ನ ಅಂದೆ. "ಇಲ್ಲೇ ಒಬ್ಬರು ಮಾಡ್ತಾರ್ರಿ. ಅವರಿಗೆ ಅವರ ಅತ್ತ್ಯಾರು ಪತ್ರ ಬರದು ಕಲಿಸ್ಯಾರ" ಅಂದ.

ಅಷ್ಟರಾಗ ಸಾಲಿ ಬಿಟ್ಟು ಪ್ರಿಯಾ ಬಂದ್ಲು. ನನ್ನ ನೋಡಿ ಬಾಗಲದಾಗ ನಿಂತಬಿಟ್ಲು. ಆಮ್ಯಾಲ ಓಡಿ ಬಂದು ನನ್ನ ಸೆರಗಿನ್ಯಾಗ ಮಾರಿ ಮುಚ್ಚಿದ್ಲು. ಎಷ್ಟು ಎತ್ತರ ಆಗ್ಯಾಳ ಜ್ಯೋತಿ. ಅಂವಗ ಆಗ ತಿಳೀತು. ಕೈ ಮುಗದು ಎದ್ದು ನಿಂತ. ಕೂಸು ತನ್ನ ಚೀಲದಾಗಿಂದ ಚಿತ್ರ ತಗದು ತೋರಿಸಿದ್ಲು. ಟ್ರ್ಯಾಕ್ಟರ್ ಮ್ಯಾಲ ನಮ್ಮ ಕಲ್ಮೇಶ ಕುಂತಾನ. "ಈ ಕಾಕಾ ಅಂದ್ರು, ಗಾಲಿ ಸಣ್ಣದಾಗೇತಿ, ನಿಮ್ಮ ಅಪ್ಪಾರ ಟ್ರ್ಯಾಕ್ಟರ್ ದೊಡ್ಡದಿತ್ತಲ್ಲ, ಅಂತ. ಅದಕ್ಕ ಅಳಸಿ ದೊಡ್ಡದು ಮಾಡೇನಿ" ಅಂದ್ಲು.

ನಾ ಅಂವಗ ನೇರ ಕೇಳಿದೆ. "ಅಕಿ ನಿನಗ ಬ್ಯಾಡ ಅಂದಾಳ, ಕೆಲಸ ಬಿಟ್ಟಾಳ. ಮತ್ತ ಈ ಹುಡುಗೀನ ಯಾಕ ಕುಂಡ್ರಿಸ್ಕೊಂಡಿ?"

ಅಂವ ಅಂದ, "ಅವರು ಮನಿ ಮನಿ ಅಂಗಡಿ ಅಂಗಡಿ ಅಡ್ಡಾಡಿ ಬರೂತನಕ ಕೂಸು ಎಲ್ಲಿ ಕುಂಡರಬೇಕ್ರಿ? ಅವರು ಬ್ಯಾಡ ಅಂದದ್ದು ನನಗ. ನಾ ಕೂಸಿಗೆ ಬ್ಯಾಡ ಅನ್ನಾಕ ಆಗ್ತೈತೇನ್ರಿ?"

ನಿನ್ನ ಮನಿ ತನಕ ಬರಲಿಲ್ಲ. ಬಂದಿದ್ರ ಇಬ್ಬರೂ ಅತ್ತು, ಮಾತು ಅಲ್ಲೇ ಉಳೀತಿತ್ತು.

ಊರಿಗೆ ಬಂದು ನಿಮ್ಮ ಮಾವಗ ಎಲ್ಲಾ ಹೇಳಿದೆ. ಗುಡಿಗೆ ಹೋಗಿದ್ದಿಲ್ಲ ಅಂತನೂ ಹೇಳಿದೆ. ನಾ ಅಂದೆ, "ಆ ಹುಡುಗೀನ ತಂದು ಇಲ್ಲಿ ಇಟ್ಟಿವಿ ಅಂತ ತಿಳೀರಿ. ದಿನಾ ಸಂಜೀಕ ಅವ್ವ ಬರ್ತಾಳೇನೋ ಅಂತ ಬಾಗಲಾ ನೋಡ್ಕೋತ ಕುಂಡರ್ತಾಳ. ಹೋದ ಮಗನ ಹಾದಿ ನಾವಿಬ್ಬರು ಕುಂತು ನೋಡೂದು ಸಾಲೂದಿಲ್ಲೇನು?"

ಎದ್ದು ಹೊಲಕ್ಕ ಹೋದ್ರು. ಉಣ್ಣಾಕ ಬರಲಿಲ್ಲ. ಹೊತ್ತು ಮುಣಗಿದ ಮ್ಯಾಲ ಬಂದು ಕೈಕಾಲು ತೊಳಕೊಂಡು, "ಮದಿವಿ ಯಾವಾಗ ಮಾಡ್ತಾರಂತ?" ಅಂದ್ರು. "ಅಕಿ ಬ್ಯಾಡ ಅಂದಾಳ" ಅಂದೆ. "ಯಾಕ ಬ್ಯಾಡ ಅಂದಾಳ ಅಂತ ನನಗೂ ಗೊತ್ತೈತಿ, ನಿನಗೂ ಗೊತ್ತೈತಿ. ಬಸವ ಜಯಂತಿ ದಿನ ಚಲೋ ಐತಿ ಅಂತ ಬರಿ" ಅಂದ್ರು.

ಬರದೇನಿ. ಇನ್ನ ನೀ ಏನಂತಿ?

ಸಿದ್ದಲಿಂಗವ್ವ


ಸಿಂದಗಿ
6 ಮೇ 2025

ಅತ್ತ್ಯಾರ,

ಮದಿವಿ ಮುಗಿಸಿ ನೀವು ಪ್ರಿಯಾನ ಕರಕೊಂಡು ಹೋದ ಮ್ಯಾಲ ಮನಿ ಖಾಲಿ ಖಾಲಿ ಆಗೇತಿ. ಸೂಟಿ ಮುಗಿಯೂತನಕ ಅಂತ ನಾನ ಹೇಳಿ, ಈಗ ನಾನ ದಿನಾ ನೆನಸಾಕತ್ತೇನಿ.

ಗುಡಿಯೊಳಗ ನೀವು ಹೆಣ್ಣುಮಕ್ಕಳ ನಡುವ ನಿಂತಿದ್ರಿ. ಮಾವಾರು ಇವರ ಜೋಡಿ ಏನು ಮಾತಾಡಿದ್ರು ನಿಮಗ ಕೇಳಿಸಿರಾಕಿಲ್ಲ. ಮಾವಾರೂ ನಿಮಗ ಹೇಳಿರಾಕಿಲ್ಲ. ಅಕ್ಕಿಕಾಳು ಬಿದ್ದ ಮ್ಯಾಲ ಇವರು ಬಂದು ಕಾಲಿಗೆ ಬಿದ್ರು. ಮಾವಾರು ಎಬ್ಬಿಸಿ ಅಂದ್ರು, "ಕೂಸಿನ ಹೆಸರಿನ ಮುಂದ ಕಲ್ಮೇಶನ ಹೆಸರು ಹಂಗ ಇರಲಿ. ಸೂಟಿಗೆ ನಮ್ಮೂರಿಗೆ ಕಳಸ್ರಿ. ಮತ್ತೇನೂ ಕೇಳಂಗಿಲ್ಲ."

ಇವರು ಅಂದ್ರು, "ಕಳಸೂದಿಲ್ರಿ. ನೀವ ಬಂದು ಕರಕೊಂಡು ಹೋಗ್ರಿ, ನೀವ ತಂದು ಬಿಡ್ರಿ. ಹಂಗಾದ್ರ ಎರಡು ಸಲ ಬಂದು ನಮ್ಮ ಮನ್ಯಾಗ ಉಂಡಂಗ ಆಗ್ತೈತಿ."

ಮಾವಾರು ನಕ್ರು ಅತ್ತ್ಯಾರ. ನಿಮ್ಮ ಮಗ ಹೋದ ಮ್ಯಾಲ ಅವರು ನಕ್ಕದ್ದನ್ನ ನಾ ನೋಡಿರಲಿಲ್ಲ. ನಕ್ಕೋತನ ಧೋತರದ ಚುಂಗಿಲೆ ಕಣ್ಣು ಒರಿಸ್ಕೊಂಡ್ರು.

ಅವತ್ತಿನ ಆ ಸುಡು ಬಿಸಲಾಗ ಬಂದವರಿಗೆಲ್ಲಾ ಚಾಕಲೇಟು ಹಂಚಿದ್ವಿ. ಒಂದೂ ಕರಗಲಿಲ್ಲ. ಜೈತುನಬಿ ತಮ್ಮ ಕೈ ಹೊಳ್ಳಿ ಹೊಳ್ಳಿ ನೋಡ್ಕೊಂಡ್ರು.

ಒಂದು ಮಾತು ಕೇಳಬೇಕು. ಕೇಳಾಕ ನಾಚಿಕಿ ಬರಾಕತ್ತೇತಿ. ಈಗ ಇವರ ತಾಯಿ ನನಗ ಅತ್ತ್ಯಾರು. ನಿಮಗ ಏನಂತ ಬರೀಲಿ? ಅವ್ವ ಅಂದ್ರ ನಡಿತೈತಿ ಅಂತ ಇವರು ಅಂತಾರ. ನೀವು ಹೇಳಿದಂಗ.

ಭಾಗ್ಯಜ್ಯೋತಿ


ಗೊಳಸಂಗಿ
15 ಮೇ 2025

ಜ್ಯೋತಿ,

ಪ್ರಿಯಾ ಊಟ ಸರಿ ಮಾಡ್ತಾಳ. ಮುಂಜಾನೆ ಮುತ್ಯಾನ ಜೋಡಿ ಹೊಲಕ್ಕ ಹೋಗ್ತಾಳ, ಹೊಳ್ಳಿ ಬರುವಾಗ ಮುತ್ಯಾ ಸೈಕಲ್ ಹಿಡದು ನೂಕ್ಕೋತ ಬರ್ತಾರ, ಅಕಿ ಮ್ಯಾಲ ಕುಂತಿರ್ತಾಳ. ಬರತೈತಿ ಅಂತ ಬರದಿದ್ಲಲ್ಲ, ಬರಂಗಿಲ್ಲ. ಕಲಸಾಕತ್ತಾರ. ನಿನ್ನೆ ಇಬ್ಬರೂ ಬಿದ್ದು ಮೊಣಕಾಲು ಕೆತ್ತಿಸ್ಕೊಂಡು ಬಂದ್ರು. ನೀ ಕಾಳಜಿ ಮಾಡಬ್ಯಾಡ, ಎಣ್ಣಿ ಹಚ್ಚೇನಿ. ಮಲಗುವಾಗ ನಿನ್ನ ಕೇಳ್ತಾಳ. ದಿನಾ ಕೇಳ್ತಾಳ. ಅದಕ್ಕ ಸೂಟಿ ಮುಗಿಯೂಕಿಂತ ಒಂದು ವಾರ ಮೊದಲ ಕರಕೊಂಡು ಬರ್ತೇವಿ. ಮುತ್ಯಾನ ಹೇಳಿದ್ರು.

ಗುಡಿಯೊಳಗಿನ ಮಾತು ನನಗ ಯಾರೂ ಹೇಳಿರಲಿಲ್ಲ. ಓದಿ ಮಡಚಿ ಇಟ್ಟೆ. ನಕ್ಕದ್ದನ್ನ ನಾನೂ ನೋಡಿದ್ದೆ, ಯಾಕ ಅಂತ ಗೊತ್ತಿರಲಿಲ್ಲ.

ಇನ್ನ ನಿನ್ನ ಪ್ರಶ್ನೆ. ಅವ್ವ ಅನ್ನಬ್ಯಾಡ. ನಿನ್ನ ಹಡದಾಕಿ ಯಂಕಂಚ್ಯಾಗ ಬಾಳಿ ಹೋಗ್ಯಾಳ, ಅದು ಅಕಿ ಹೆಸರು. ನಾ ನಿನಗ ಅತ್ತಿ ಆದದ್ದು ಕಲ್ಮೇಶ ಇದ್ದ ಅಂತ. ನೀ ಆ ಮಾತು ತಗದ್ರ ಅಂವ ಅಲ್ಲಿಂದನೂ ಹೋಗ್ತಾನ. ಮನ್ಯಾಗ ಅಂವನ ಹೆಸರು ನಾವು ಬಾಯಿಬಿಟ್ಟು ಅನ್ನೂದಿಲ್ಲ, ಅಂದ್ರ ಇಬ್ಬರಿಗೂ ಊಟ ಇಳಿಯಂಗಿಲ್ಲ. ನೀ ಅತ್ತ್ಯಾರ ಅಂತ ಬರದಾಗ, ಆ ಒಂದು ಮಾತಿನ್ಯಾಗ ಅಂವ ಇರ್ತಾನ.

ಚೇತನನ ತಾಯೀನೂ ಅತ್ತಿ, ನಾನೂ ಅತ್ತಿ. ಇಬ್ಬರಿದ್ರ ಏನಾತು? ಅಕಿಗೆ ಮನ್ಯಾಗ ಕರಿ, ನನಗ ಪತ್ರದಾಗ ಬರಿ.

ನಿನ್ನ ಅತ್ತಿ
ಸಿದ್ದಲಿಂಗವ್ವ